ಕೆಂಪು ಬೇಕಾದರೆ ನೀಲಿ ದೀಪ

ಅಪ್ಪನ ಪ್ರಕಾರ ಪಾಚಿ ತಾನಾಗಿಯೇ ಬೆಳೆಯುವ ವಸ್ತು. ಬಚ್ಚಲಲ್ಲಿ ಬೇಡ ಬೇಡವೆಂದರೂ ಬೆಳೆಯುವುದಿಲ್ಲವೇ, ನೀರಿನ ತೊಟ್ಟಿಯನ್ನು ಉಜ್ಜಿ ಉಜ್ಜಿ ಕೈ ಸವೆಸಿದರೂ ನಾಲ್ಕು ದಿನಕ್ಕೆ ಮತ್ತೆ ಬಂದು ಕೂರುವುದಿಲ್ಲವೇ, ಅಂಥದ್ದನ್ನು ಬೆಳೆಸುವುದು ಅಂದರೇನು ಎಂಬುದು ಅವರ ಪ್ರಶ್ನೆ. ಉತ್ತರ ಹುಡುಕುವ ಗೋಜಿಗೆ ಅವರು ಎಂದೂ ಹೋದವರಲ್ಲ. ತಾವೇ ಒಂದು ಪಾಚಿ ಕಾರ್ಖಾನೆಯ ಯಜಮಾನರಾಗಿದ್ದು, ಮನೆಯ ತುತ್ತು ಅನ್ನವೂ ಅದರಿಂದಲೇ ಬರುತ್ತಿದ್ದರೂ ಅವರ ಈ ಅಭಿಪ್ರಾಯಕ್ಕೆ ಒಂದು ಚೂರೂ ತೇವ ತಗುಲಿರಲಿಲ್ಲ.

ಹಾಗೆ ತಾನಾಗಿಯೇ ಬೆಳೆಯುವ ಪಾಚಿಯನ್ನು ಹತ್ತು ಹನ್ನೆರಡು ವರ್ಷಗಳಿಂದ ಬೆಳೆಸುತ್ತಿದ್ದವಳು ಅವರ ಹಿರಿಯ ಮಗಳು. ಅವಳಿಗೂ ಒಂದು ಹೆಸರಿತ್ತು; ಆದರೆ ತಂಗಿ ಹುಟ್ಟಿದ ದಿನದಿಂದ ಮನೆಯಲ್ಲಿ ಇವಳು ದೊಡ್ಡವಳು, ಅವಳು ಚಿಕ್ಕವಳು ಎಂದಾಗಿ, ಹೆಸರು ಶಾಲೆಯ ಹಾಜರಿಯಲ್ಲೇ ಉಳಿದುಬಿಟ್ಟಿತು. ದೊಡ್ಡವಳು ಜೀವಶಾಸ್ತ್ರ ಓದಿದಳು. ಮದುವೆಯ ಮಾತು ಬಂದಾಗಲೆಲ್ಲ ಕೊಳವೆ ತೊಳೆಯುವ ಕೆಲಸವಿದೆಯೆಂದು ಎದ್ದು ಹೋದಳು. ಅಮ್ಮ ತೀರಿಕೊಂಡ ಮೇಲೆ ಆ ಮಾತು ಎತ್ತುವವರೂ ಇಲ್ಲವಾದರು. ಬೆಳಗ್ಗೆ ಎದ್ದವಳು ಹಲ್ಲುಜ್ಜುವ ಮೊದಲು ಪಾಚಿಯ ಮುಖ ನೋಡುತ್ತಿದ್ದಳು. ಇದನ್ನು ಅಪ್ಪ "ಅವಳಿಗೂ ಹೊತ್ತು ಹೋಗ್ಬೇಕಲ್ಲ" ಎಂದು ನೆಂಟರಿಗೆ ವಿವರಿಸುತ್ತಿದ್ದರು.

ಮನೆಯ ಹಿಂದೆ ತಗಡಿನ ಮಾಡಿನ ಉದ್ದನೆಯ ಕಟ್ಟಡ. ಅದರಲ್ಲಿ ಎರಡು ಕೋಣೆ. ಮೊದಲನೆಯದು ಹಸಿರು ಕೋಣೆ. ಅಲ್ಲಿ ತೋಳಿನಷ್ಟು ದಪ್ಪದ ಗಾಜಿನ ಕೊಳವೆಗಳು ನೆಲದಿಂದ ಮಾಡಿನವರೆಗೆ ಸಾಲಾಗಿ ನಿಂತಿದ್ದವು. ಒಳಗೆ ನೀರು, ನೀರಿನೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಕೆಳಗಿನಿಂದ ಬುಳಬುಳನೆ ಏಳುವ ಗಾಳಿಗುಳ್ಳೆ. ಇಲ್ಲಿ ಪಾಚಿಗೆ ಹೊಟ್ಟೆತುಂಬ ಗೊಬ್ಬರ, ಹದವಾದ ಬೆಳಕು, ತವರುಮನೆಯ ಸುಖ. ನೀರು ದಿನದಿಂದ ದಿನಕ್ಕೆ ಹಸಿರಾಗುತ್ತ, ಕೊಳವೆಯ ಆಚೆ ಹಿಡಿದ ಬೆರಳು ಈಚೆಗೆ ಕಾಣದಷ್ಟು ದಪ್ಪವಾದ ಮೇಲೆ ದೊಡ್ಡವಳು ಅದನ್ನು ಎರಡನೆಯ ಕೋಣೆಗೆ ಸಾಗಿಸುತ್ತಿದ್ದಳು. ಅದು ಕೆಂಪು ಕೋಣೆ. ಅಲ್ಲಿ ಅತ್ತೆಮನೆಯ ಕಾಟ. ಗೊಬ್ಬರ ಬಂದ್. ಬೆಳಕು ಜೋರು, ಅದೂ ನೀಲಿ ಬೆಳಕು, ಇವತ್ತಿಗಿಂತ ನಾಳೆ ಒಂದಿಷ್ಟು ಹೆಚ್ಚು, ನಾಳೆಗಿಂತ ನಾಡಿದ್ದು ಇನ್ನೊಂದಿಷ್ಟು. ಹಸಿವೂ ಬೆಳಕೂ ಸೇರಿ ಕಾಡತೊಡಗಿದಾಗ ಪಾಚಿ ಈಜಾಡುವುದನ್ನು ಬಿಟ್ಟು, ಮುದುಡಿ, ದಪ್ಪ ಚರ್ಮದ ಉಂಡೆಯಾಗಿ, ಒಳಗೊಳಗೇ ಕೆಂಪು ಬಣ್ಣವನ್ನು ಕೂಡಿಸಿಕೊಳ್ಳುತ್ತದೆ. ಸುಡುವ ಬೆಳಕಿಗೆ ಅದು ಹಿಡಿಯುವ ಕೊಡೆ ಆ ಕೆಂಪು. ಆ ಕೊಡೆಯನ್ನು ಕಿತ್ತು, ಒಣಗಿಸಿ, ಪುಡಿಮಾಡಿ ಮಾರುವುದೇ ಈ ಕುಟುಂಬದ ವ್ಯಾಪಾರ. ಸಾಕಿದ ಮೀನಿನ ಮಾಂಸ ಕೆಂಪಗೆ ಕಾಣಲೆಂದು ಮೇವಿಗೆ ಬೆರೆಸುವವರು ಅದನ್ನು ಕೊಳ್ಳುತ್ತಾರೆ. ತಮ್ಮ ಮುಖ ಇನ್ನೂ ಹತ್ತು ವರ್ಷ ಹೀಗೇ ಇರಲೆಂದು ಗುಳಿಗೆ ನುಂಗುವವರೂ ಕೊಳ್ಳುತ್ತಾರೆ. ಮೀನುಗಳಿಂದ ಇದುವರೆಗೆ ದೂರು ಬಂದಿಲ್ಲ.

ವರ್ಷಕ್ಕೆ ನಾಲ್ಕಾರು ಸಲ ಕೊಳ್ಳುವವರು ಕಾರ್ಖಾನೆ ನೋಡಲು ಬರುತ್ತಿದ್ದರು. ಆ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಮೀಸೆಯನ್ನು ತಿದ್ದಿ ತೀಡಿ, ಕೆಂಪು ಕೋಣೆಯ ಬಾಗಿಲಲ್ಲಿ ನಿಂತು "ನಮ್ಮ ಸಂಸ್ಥೆಯ ಬಣ್ಣ" ಎಂದು ಕೈ ಬೀಸುತ್ತಿದ್ದರು. ಬಣ್ಣ ನಿಜಕ್ಕೂ ಹಾಗಿರುತ್ತಿತ್ತು. ಕೊಳವೆಯಲ್ಲಿ ನಿಂತದ್ದು ನೀರೋ ನೆತ್ತರೋ ಎಂದು ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ದೊಡ್ಡವಳು ಪಕ್ಕದಲ್ಲೇ, ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದಳು. 'ಇದು ನನ್ನ ದೊಡ್ಡ ಮಗಳ ಕೈಕೆಲಸ.' ಐದೇ ಪದ. ಒಂದೇ ಒಂದು ಸಲ, ಹೊರಗಿನವರೊಬ್ಬರ ಎದುರು, ಅಪ್ಪ ಇದನ್ನು ಹೇಳಲಿ ಎಂದು ಅವಳಿಗೆ ಆಸೆ. ಸಂಬಳ ಕೇಳಿದವಳಲ್ಲ, ಪಾಲು ಕೇಳಿದವಳಲ್ಲ. ಇದನ್ನಂತೂ ಬಾಯಿಬಿಟ್ಟು ಕೇಳುವುದಾದರೂ ಹೇಗೆ? ಕೇಳಿ ಹೇಳಿಸಿಕೊಂಡರೆ ಅದಕ್ಕೆ ಬೆಲೆಯೇನು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವಳಿಗೂ ಗೊತ್ತಿತ್ತು, ಆದರೂ ಪ್ರತಿ ಸಲ ಅಪ್ಪ ಬಾಯಿ ತೆರೆದಾಗ ಅವಳ ಎದೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

ಇಂತಿರಲಾಗಿ ಮನೆಗೆ ಅಳಿಯ ಬಂದ.

ಚಿಕ್ಕವಳ ಗಂಡ ಅವನು. ಹದಿನೈದು ವರ್ಷ ನಾಟಕ ಮಂಡಳಿಗಳಿಗೆ, ಹಾಡು ಕುಣಿತದ ಕಾರ್ಯಕ್ರಮಗಳಿಗೆ ವೇದಿಕೆಯ ಬೆಳಕು ಕೊಟ್ಟವನು. ಮಂಡಳಿ ಮುಚ್ಚಿತು; ಕೈಯಲ್ಲಿ ಕೆಲಸವಿಲ್ಲದೆ, ದೀಪಗಳ ಎರಡು ದೊಡ್ಡ ಪೆಟ್ಟಿಗೆ ಮತ್ತು ಹೆಂಡತಿಯ ಜೊತೆ ಮಾವನ ಮನೆಗೆ ಬಂದಿಳಿದ. ಮನುಷ್ಯ ಕೆಟ್ಟವನಲ್ಲ. ತಟ್ಟೆ ತಾನೇ ತೊಳೆದಿಡುತ್ತಿದ್ದ, ಎಲ್ಲರ ಜೊತೆ ನಗುನಗುತ್ತ ಮಾತಾಡುತ್ತಿದ್ದ, ಕೆಟ್ಟ ಮಿಕ್ಸರ್ ರಿಪೇರಿ ಮಾಡಿಕೊಟ್ಟ. ಆದರೆ ಮಾವನ ಮನೆಯಲ್ಲಿ ಕೂತು ಉಣ್ಣುವ ಗಂಡಸಿಗೆ ಅನ್ನ ಗಂಟಲಲ್ಲಿ ಇಳಿಯುವುದು ಕಷ್ಟ. ಅಪ್ಪನಿಗಾದರೋ, ಗಂಡು ಮಕ್ಕಳಿಲ್ಲದ ತಮ್ಮ ಮನೆಗೆ ಒಬ್ಬ ಗಂಡಸು ಬಂದನೆಂಬ ಸಂಭ್ರಮ. ಅದರಲ್ಲೂ ಅವನು ಬೆಳಕಿನ ಮನುಷ್ಯ! ಪಾಚಿಗೆ ಬೇಕಾದ್ದೂ ಬೆಳಕೇ ಎಂದು ಮಗಳು ವರ್ಷಗಟ್ಟಲೆ ಹೇಳುತ್ತಿದ್ದ ಮಾತು ಅಪ್ಪನಿಗೆ ಅಂದು ಮೊದಲ ಬಾರಿಗೆ ತಲೆಗೆ ಹೋಯಿತು. ಹೋದದ್ದು ಎಲ್ಲಿಗೆ ಹೋಗಿ ನಿಂತಿತೆಂದರೆ, ಅಳಿಯನನ್ನು ಕರೆದುಕೊಂಡು ಕಾರ್ಖಾನೆ ತೋರಿಸಲು ಹೊರಟರು.

ಕೆಂಪು ಕೋಣೆಯಲ್ಲಿ ಅಳಿಯ ತಲೆಯೆತ್ತಿ ದೀಪಗಳನ್ನು ನೋಡಿದ.

"ಅತ್ತಿಗೆ, ಕೆಂಪು ಕೋಣೆ ಅಂತೀರಾ, ದೀಪ ನೀಲಿ ಹಾಕಿದ್ದೀರಲ್ಲ?"

"ಕೆಂಪು ಬೇಕಾದ್ರೆ ನೀಲಿ ದೀಪಾನೇ ಹಾಕ್ಬೇಕು," ಎಂದಳು ದೊಡ್ಡವಳು.

ಅಳಿಯ ಮಾವನ ಮುಖ ನೋಡಿದ. ಮಾವ ಅಳಿಯನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ಹದಿನೈದು ವರ್ಷ ಇದೇ ಕೆಲಸ ಮಾಡಿದ್ದೀನಿ ಅತ್ತಿಗೆ. ಕೆಂಪು ಬೇಕಾದಾಗ ಕೆಂಪು ಹಾಕ್ತಿದ್ವಿ. ನೀಲಿ ಹಾಕಿದ್ರೆ ಬೆಳದಿಂಗಳು ಬರ್ತಿತ್ತು."

"ವೇದಿಕೆ ಮೇಲೆ ದೀಪ ಬಣ್ಣ ಬಳಿಯುತ್ತೆ. ಇಲ್ಲಿ ಹಾಗಲ್ಲ. ದೀಪ ಕಾಟ ಕೊಡುತ್ತೆ, ಕಾಟ ತಡೀಲಾರದೆ ಪಾಚಿ ತಾನೇ ಬಣ್ಣ ಮಾಡ್ಕೊಳ್ಳುತ್ತೆ. ನೀಲಿಗೆ ಅದು ಬೇಗ ಬಗ್ಗುತ್ತೆ. ಹಸಿರು ಕೋಣೇಲಿ ನೋಡಿ, ಅಲ್ಲಿ ಕೆಂಪು ಪಟ್ಟಿ ದೀಪ ಸೇರಿಸಿದ್ದೀನಿ, ಸಣ್ಣಗೆ. ಅದಕ್ಕೆ ಪಾಚಿ ಹಸಿರಾಗಿ ಬೆಳೆಯುತ್ತೆ."

"ಕೇಳಿದ್ರಾ ಅಳಿಯಂದ್ರೆ," ಎಂದರು ಅಪ್ಪ, ಕಣ್ಣಂಚಿನ ನೀರು ಒರೆಸಿಕೊಳ್ಳುತ್ತ. "ಹಸಿರಿಗೆ ಕೆಂಪು ದೀಪ, ಕೆಂಪಿಗೆ ನೀಲಿ ದೀಪ! ಇಷ್ಟು ವರ್ಷ ಕರೆಂಟ್ ಬಿಲ್ ಕಟ್ಟಿದ್ದು ನಾನು!"

ಅವಳ ಕೈಯಲ್ಲಿ ಅಷ್ಟು ವರ್ಷ ಪಾಚಿ ಕೆಂಪಾದದ್ದು ಹಾಗಾದರೆ ಹೇಗೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಗು ಅರ್ಧಕ್ಕೇ ನಿಲ್ಲುತ್ತಿತ್ತು, ಅಷ್ಟು ಒಳ್ಳೆಯ ನಗುವನ್ನು ಯಾರು ಹಾಳು ಮಾಡಿಕೊಳ್ಳುತ್ತಾರೆ.

ಮುಂದಿನ ವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಅಪ್ಪ ಘೋಷಣೆ ಹೊರಡಿಸಿದರು. ಬಣ್ಣ ಕೊಳ್ಳುವವರಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ಒಬ್ಬ ಹೆಂಗಸು. ಮನೆಯಲ್ಲಿ ಎಲ್ಲರೂ ಅವರನ್ನು ಖರೀದಿ ಮೇಡಂ ಎನ್ನುತ್ತಿದ್ದರು. ಇದುವರೆಗೆ ಅವರ ಕಡೆಯವರು ಬರುತ್ತಿದ್ದರು, ಈ ಸಲ ತಾವೇ ಬರುವವರಿದ್ದರು. ಕಣ್ಣಾರೆ ನೋಡಿ ಮನಸ್ಸಿಗೆ ಬಂದರೆ ಮುಂದಿನ ಎಷ್ಟೋ ವರ್ಷಗಳ ಬಣ್ಣವನ್ನು ಈಗಲೇ ಮಾತಾಡಿ ಮುಗಿಸುವ ಯೋಚನೆ ಅವರದು.

"ಅದಕ್ಕೇ ಈ ಸಲದ ಬ್ಯಾಚು ಅಳಿಯಂದ್ರು ನೋಡ್ಕೋತಾರೆ," ಎಂದರು ಅಪ್ಪ. "ಅಂಥೋರು ಬಂದಾಗ ಒಬ್ಬ ಗಂಡಸು ನಿಂತು ವಿವರಿಸಿದ್ರೆ ಅದರ ತೂಕವೇ ಬೇರೆ. ಚೆನ್ನಾಗಿ ಬಂತು ಅಂದ್ರೆ ಕೆಂಪು ಕೋಣೆ ಅವರದ್ದೇ. ನಿನಗೆ ಹಸಿರು ಕೋಣೆ ಸಾಕಲ್ಲ, ಭಾರ ಕಡಿಮೆ ಆಯ್ತು."

ದೊಡ್ಡವಳ ಕೈ ಅನ್ನದಲ್ಲೇ ನಿಂತಿತು. ಕೆಂಪು ಕೋಣೆ ಹೋಯಿತೆಂದರೆ ಆ ಐದು ಪದಗಳೂ ಹೋದ ಹಾಗೆ. ಹಸಿರು ನೀರನ್ನು ನೋಡಲು ಯಾರೂ ಎಲ್ಲಿಂದಲೂ ಬರುವುದಿಲ್ಲ. ಇನ್ನು ಮುಂದೆ ಅಪ್ಪ ಹೆಮ್ಮೆಯಿಂದ ಕೈ ಬೀಸುವಾಗ ಅವಳು ಪಕ್ಕದಲ್ಲಿ ನಿಲ್ಲುವ ಹಕ್ಕೂ ಇಲ್ಲದವಳಾಗುತ್ತಾಳೆ. ಇಷ್ಟೆಲ್ಲ ಮನಸ್ಸಿನಲ್ಲಿ ಆದರೂ ಬಾಯಿಂದ ಬಂದದ್ದು ಕೆಲಸದ ಮಾತು.

"ಈಗಿರೋ ಹಸಿರು ಇನ್ನೂ ತೆಳ್ಳಗಿದೆ ಅಪ್ಪ. ಎಳೇದು. ಇನ್ನೊಂದಿಷ್ಟು ದಿನ ಬಿಡ್ಬೇಕು."

"ತೆಳ್ಳಗಿದ್ರೆ ಒಳ್ಳೇದಲ್ವಾ ಅತ್ತಿಗೆ? ಬೆಳಕು ಒಳಗಿನ ತನಕ ಸಲೀಸಾಗಿ ಹೋಗುತ್ತೆ," ಎಂದ ಅಳಿಯ.

"ಅದೇ ತೊಂದರೆ. ದಪ್ಪಗಿದ್ರೆ ಒಂದಕ್ಕೊಂದು ನೆರಳಾಗುತ್ತೆ. ತೆಳ್ಳಗಿದ್ದಾಗ ಜೋರು ಬೆಳಕು ಬಿದ್ರೆ ಕೊಡೆ ಬಿಚ್ಚೋಕೂ ಪುರುಸೊತ್ತಿಲ್ಲದೆ ಸುಟ್ಟು ಹೋಗುತ್ತೆ."

"ಕೊಡೆ ಅಂತೆ," ಎಂದು ಅಪ್ಪ ಇನ್ನೊಂದು ತುತ್ತು ಕಲಸಿದರು. "ಬಚ್ಚಲ ಪಾಚಿಗೆ ಕೊಡೆ ಬೇರೆ. ನಾಳೆ ಚಪ್ಪಲೀನೂ ಕೊಡಿಸೋಣ."

ಅಳಿಯ ಕೆಲಸಕ್ಕೆ ಬಿದ್ದ ಭರಾಟೆ ನೋಡಬೇಕಿತ್ತು. ಪೆಟ್ಟಿಗೆಗಳು ತೆರೆದುಕೊಂಡವು. ನೀಲಿ ಪಟ್ಟಿಗಳನ್ನು ಬಿಚ್ಚಿ ಮೂಲೆಗೆ ಸೇರಿಸಿದ. ಯುದ್ಧದ ದೃಶ್ಯಕ್ಕೆ, ಊರು ಹೊತ್ತಿ ಉರಿಯುವ ದೃಶ್ಯಕ್ಕೆ ಬಳಸುತ್ತಿದ್ದ ದೊಡ್ಡ ದೊಡ್ಡ ಕೆಂಪು ದೀಪಗಳನ್ನು ಕೊಳವೆಗಳ ಎರಡೂ ಕಡೆ ಸಾಲಾಗಿ ನಿಲ್ಲಿಸಿದ. ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ಪದ್ಧತಿ ಅವನಿಗೆ ಹಿಡಿಸಲಿಲ್ಲ. ಪರದೆ ಎದ್ದ ತಕ್ಷಣ ಬೆಳಕು ಬೀಳಬೇಕು, ಇಲ್ಲದಿದ್ದರೆ ನೋಡುವವರು ಕೆಮ್ಮಲು ಶುರುಮಾಡುತ್ತಾರೆ ಎಂಬುದು ಅವನ ಅನುಭವ. ಹಾಗಾಗಿ ಮೊದಲ ದಿನವೇ ಎಲ್ಲ ದೀಪವನ್ನೂ ತುದಿಗೆ ತಿರುಗಿಸಿದ. ಗೊಬ್ಬರ ನಿಲ್ಲಿಸಬೇಕೆಂದು ಅತ್ತಿಗೆ ಹೇಳಿದ್ದು ಅವನಿಗೆ ಕ್ರೂರವೆನಿಸಿತು. "ಹಸಿದ ಹೊಟ್ಟೇಲಿ ಯಾರು ತಾನೇ ಕೆಲಸ ಮಾಡ್ತಾರೆ ಅತ್ತಿಗೆ?" ಎಂದು ಒಂದು ಪಾಲಿಗೆ ಎರಡು ಪಾಲು ಸುರಿದ. ಕಿಟಕಿಗಳಿಗೆಲ್ಲ ವೇದಿಕೆಯ ಕರಿ ಬಟ್ಟೆ ಹೊಡೆದ. ಹೊರಗಿನ ಬೆಳಕು ಒಳಗೆ ಬೆರೆತರೆ ಬಣ್ಣ ಇಳಿದುಹೋಗುತ್ತದೆ ಎಂಬ ನಿಯಮವನ್ನು ಬಾಗಿಲಿಗೆ ಬರೆದು ಅಂಟಿಸಿದ. ವೇದಿಕೆಯ ಮಟ್ಟಿಗೆ ಆ ನಿಯಮ ನೂರಕ್ಕೆ ನೂರು ನಿಜ.

ಕೆಲವು ದಿನ ಕಳೆದ ಮೇಲೆ ಅವನೇ ಎಲ್ಲರನ್ನೂ ಕರೆದ. ಅಪ್ಪ, ಚಿಕ್ಕವಳು, ದೊಡ್ಡವಳು ಮೂವರೂ ಕರಿ ಬಟ್ಟೆ ಸರಿಸಿ ಒಳಗೆ ಹೋದರು. ಕೋಣೆ ಕಾದ ಹೆಂಚಿನಂತಿತ್ತು. ಕೊಳವೆಗಳು ಧಗಧಗನೆ ಕೆಂಪು. ಇಂಥ ಕೆಂಪನ್ನು ಆ ಕೋಣೆ ಎಂದೂ ಕಂಡಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ದೊಡ್ಡವಳಿಗೂ ಒಂದು ಕ್ಷಣ ಅನುಮಾನ ಬಂತು. ಇಷ್ಟು ವರ್ಷ ತಾನು ನಂಬಿದ್ದೆಲ್ಲ ತಪ್ಪೇ, ಕೆಂಪಿಗೆ ಕೆಂಪು ದೀಪವೇ ಸಾಕಿತ್ತೇ ಎಂದುಕೊಂಡಳು.

"ಆಹಾ," ಎಂದರು ಅಪ್ಪ. ಅಳಿಯನ ಬೆನ್ನು ತಟ್ಟಿದರು. "ಆಹಾಹಾ! ನೋಡೇ ದೊಡ್ಡವಳೇ, ಕಲಿತ್ಕೋ."

ಅವಳು ನೋಡಿದಳು. ಮೊದಲು ಕೊಳವೆ, ಆಮೇಲೆ ಅಪ್ಪನ ಮುಖ. ಅಪ್ಪನ ಬಿಳಿ ಮೀಸೆ ಕೆಂಪಗಿತ್ತು. ಅಳಿಯ ನಗುತ್ತಿದ್ದ, ಅವನ ಹಲ್ಲೂ ಕೆಂಪು. ಚಿಕ್ಕವಳ ಬಿಳಿ ಕುಪ್ಪಸ, ತನ್ನ ಬಿಳಿ ಕೋಟು, ಗೋಡೆಯ ಸುಣ್ಣ, ಎಲ್ಲ ಕೆಂಪು. ಇಡೀ ಕುಟುಂಬವೇ ಹಣ್ಣಾಗಿ ಕೊಯ್ಲಿಗೆ ಬಂದಿತ್ತು.

"ಅಪ್ಪ, ನಿಮ್ಮ ಮೀಸೆನೂ ಕೆಂಪಾಗಿದೆ," ಎಂದಳು. "ಇಲ್ಲಿ ಬಿಳೀದೆಲ್ಲ ಕೆಂಪಾಗೇ ಕಾಣ್ಸುತ್ತೆ. ಪಾಚಿ ಹಸಿರಾಗಿದ್ದಿದ್ರೆ ಈ ದೀಪಕ್ಕೆ ಕಪ್ಪಗೆ ಕಾಣ್ಬೇಕಿತ್ತು. ಇಷ್ಟು ಕೆಂಪಗೆ ಹೊಳೀತಿದೆ ಅಂದ್ರೆ ಒಂದೋ ನಿಜವಾಗ್ಲೂ ಕೆಂಪಾಗಿದೆ, ಇಲ್ಲಾ ಸತ್ತು ಬೆಳ್ಳಗಾಗಿದೆ."

"ಬಾಯಲ್ಲಿ ಒಳ್ಳೆ ಮಾತೇ ಬರಲ್ವಾ ನಿನಗೆ?" ಎಂದರು ಅಪ್ಪ. ಮೀಸೆಯ ಮಾತು ಅವರಿಗೆ ಜಾಸ್ತಿಯೇ ನಾಟಿತು.

ಅವಳು ಮಾತು ಬೆಳೆಸಲಿಲ್ಲ. ಕೊಳವೆಯ ಕೆಳಗಿನ ನಲ್ಲಿ ತಿರುಗಿಸಿ ಒಂದು ಗಾಜಿನ ಲೋಟಕ್ಕೆ ನೀರು ಹಿಡಿದು, ಅಪ್ಪನನ್ನು ಅಂಗಳಕ್ಕೆ ಕರೆತಂದು, ಲೋಟವನ್ನು ಬಿಸಿಲಿಗೆ ಎತ್ತಿದಳು. ಅಕ್ಕಿ ತೊಳೆದ ನೀರು. ಸ್ವಲ್ಪ ಹಳದಿ ಛಾಯೆ, ತಳದಲ್ಲಿ ಒಂದು ಚಿಟಿಕೆ ಬೂದಿಯಂಥ ಗಸಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂದು ಗಾದೆ ಮಾಡಿದವರು ಅಪ್ಪನನ್ನು ಕಂಡವರಲ್ಲ.

"ನೋಡಿ ಅಪ್ಪ."

ಅಪ್ಪ ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿದರು. ಅಳಿಯನ ಮುಖ ಸಣ್ಣಗಾಗಿತ್ತು. ಅದನ್ನು ಕಂಡು ಅಪ್ಪನಿಗೆ ಮಗಳ ಮೇಲೆ ಸಿಟ್ಟು ಬಂತು.

"ಹೊರಗಿನ ಬೆಳಕು ತಾಗಿದ್ರೆ ಬಣ್ಣ ಇಳಿಯುತ್ತೆ ಅಂತ ಅವರು ಬಾಗಿಲಿಗೇ ಬರೆದು ಹಾಕಿದ್ದಾರಲ್ಲ! ಹೊರಗೆ ತಂದೆ, ಇಳೀತು. ಅವರು ಹೇಳಿದ್ದೇ ಸರಿ ಅಂತಾಯ್ತು."

"ಹೌದಲ್ವಾ ಮಾವ," ಎಂದ ಅಳಿಯ. ಅವನ ಮುಖಕ್ಕೆ ಜೀವ ಮರಳಿತು.

ಲೋಟ ಹಿಡಿದ ದೊಡ್ಡವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಹತ್ತಿರ ಎತ್ತನ್ನು ತೋರಿಸಿ ಪ್ರಯೋಜನವೇನು? ಮೈಕ್ರೋಸ್ಕೋಪಿನಲ್ಲಿ ಒಂದು ಹನಿ ಇಟ್ಟು ನೋಡಿದಳು. ಚಟಪಟನೆ ಈಜಾಡಬೇಕಿದ್ದ ಜೀವಗಳು ಒಡೆದ ಸಿಪ್ಪೆಯಾಗಿ ತೇಲುತ್ತಿದ್ದವು. ಯಾರಿಗೂ ಏನೂ ಕೆಟ್ಟದ್ದು ಮಾಡದ, ಗೊಬ್ಬರ ಹಾಕಿದರೆ ಬೆಳೆಯುವ, ಹಾಕದಿದ್ದರೆ ಕೆಂಪಾಗುವ ಬಡಪಾಯಿಗಳು.

ಸಂಜೆ ಚಿಕ್ಕವಳು ಹಸಿರು ಕೋಣೆಗೆ ಬಂದಳು. ದೊಡ್ಡವಳು ಉದ್ದ ಬ್ರಷ್ಷಿನಿಂದ ಖಾಲಿ ಕೊಳವೆ ಉಜ್ಜುತ್ತಿದ್ದಳು.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಹೊಟ್ಟೆಕಿಚ್ಚಾ?"

"ಹೌದು," ಎಂದಳು ದೊಡ್ಡವಳು. "ಆದ್ರೆ ನನಗೆ ಹೊಟ್ಟೆಕಿಚ್ಚಿದೆ ಅಂತ ಸತ್ತ ಪಾಚಿ ಎದ್ದು ಕೂರಲ್ಲ."

ಚಿಕ್ಕವಳು ನಗಲಿಲ್ಲ. "ಬಂದಾಗಿನಿಂದ ಇವರು ಸರಿಯಾಗಿ ಊಟ ಮಾಡಿರ್ಲಿಲ್ಲ ಅಕ್ಕ. ಈಗ ಮಾಡ್ತಿದ್ದಾರೆ. ಬೆಳಗ್ಗೆ ಸ್ನಾನ ಮಾಡುವಾಗ ಹಾಡ್ತಾರೆ. ಅದನ್ನೂ ಕಿತ್ಕೋಬೇಡ."

"ಮೇಡಂ ಬಂದ ದಿನ ಏನು ಮಾಡ್ತೀರಾ?"

"ಅವತ್ತಿಂದು ಅವತ್ತಿಗೆ. ನೀನು ಬಾಯಿ ಮುಚ್ಕೊಂಡಿರು ಸಾಕು."

ತಂಗಿ ಹೋದಮೇಲೆ ಬ್ರಷ್ಷು ಕೈಯಲ್ಲೇ ಇತ್ತು. ಮೇಡಂ ಬರುವ ಮೊದಲೇ ಅವರಿಗೆ ಒಂದು ಫೋನು ಮಾಡಿ, ಇನ್ನೊಂದಿಷ್ಟು ದಿನ ಬಿಟ್ಟು ಬನ್ನಿ ಎಂದರೆ ಮುಗಿಯಿತು. ಅಷ್ಟರಲ್ಲಿ ಹೊಸ ಪಾಚಿ ಕೆಂಪಾಗಿ ಅಪ್ಪನ ಮಾನ ಉಳಿಯುತ್ತಿತ್ತು. ಆದರೆ ಅವಳು ಫೋನು ಮಾಡಲಿಲ್ಲ. ತಂಗಿ ಸುಮ್ಮನಿರು ಎಂದಳಲ್ಲ, ಸುಮ್ಮನಿರುತ್ತೇನೆ ಎಂದುಕೊಂಡಳು. ಮೇಡಂ ನೋಡಲಿ, ಅಪ್ಪನ ಮುಖ ಒಂದು ಸಲ ಆ ಲೋಟದ ನೀರಿನಷ್ಟೇ ಬಿಳುಪಾಗಲಿ, ಆಗ ತಾನಾಗಿಯೇ ಬೆಳೆಯುವ ಪಾಚಿಯ ಬೆಲೆ ಗೊತ್ತಾಗುತ್ತದೆ. ಆಗಲಾದರೂ ತನ್ನ ಕಡೆ ತಿರುಗಿ ನೋಡುತ್ತಾರೆ. ಈ ಯೋಚನೆಯಿಂದ ಅವಳಿಗೆ ಒಳಗೊಳಗೇ ಸಣ್ಣ ಖುಷಿಯೂ ಆಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಎರಡನ್ನೂ ಅದುಮಿಕೊಂಡು ಕೊಳವೆ ಉಜ್ಜಿದಳು.

ಖರೀದಿ ಮೇಡಂ ಬಂದರು. ಗಿಡ್ಡನೆಯ, ಬಾಚಿ ಕಟ್ಟಿದ ನರೆಗೂದಲಿನ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡ ಹೆಂಗಸು. ಕೈಚೀಲದಲ್ಲಿ ಒಂದು ಬಿಳಿ ಪಿಂಗಾಣಿ ತಟ್ಟೆ. ಎಲ್ಲಿಗೆ ಹೋದರೂ ಬಣ್ಣವನ್ನು ಆ ತಟ್ಟೆಯ ಮೇಲೆ ಸುರಿದು ನೋಡುವುದೇ ಅವರ ರೂಢಿ. ಅಪ್ಪ ಇಸ್ತ್ರಿ ಅಂಗಿಯಲ್ಲಿದ್ದರು. ಅಳಿಯನೂ ಇಸ್ತ್ರಿ ಅಂಗಿಯಲ್ಲಿದ್ದ. ಅಪ್ಪ ಅವನನ್ನು "ನಮ್ಮ ಅಳಿಯಂದ್ರು, ಬೆಳಕಿನಲ್ಲಿ ಪರಿಣತರು" ಎಂದು ಪರಿಚಯಿಸಿದರು. ದೊಡ್ಡವಳನ್ನು ಪರಿಚಯಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವಳು ಹಿಂದಿನಿಂದ ನಡೆದಳು.

ಅಳಿಯ ಕರಿ ಬಟ್ಟೆಯನ್ನು ಸರ್ರನೆ ಎಳೆದ. ಆ ಎಳೆತದಲ್ಲಿ ಹದಿನೈದು ವರ್ಷದ ಅಭ್ಯಾಸವಿತ್ತು. ಕೊಳವೆಗಳು ಉರಿದವು.

"ಭಾರೀ ಕೆಂಪು," ಎಂದರು ಮೇಡಂ. ಅಪ್ಪನ ಎದೆ ಉಬ್ಬಿತು. ಮೇಡಂ ಚೀಲದಿಂದ ತಟ್ಟೆ ತೆಗೆದು ಅದನ್ನೇ ತಿರುಗಿಸಿ ಮುರುಗಿಸಿ ನೋಡಿದರು. "ನನ್ನ ತಟ್ಟೆನೂ ಭಾರೀ ಕೆಂಪು. ಒಂದು ಲೋಟ ಹಿಡ್ಕೊಡಿ, ಹೊರಗೆ ಹೋಗಿ ನೋಡೋಣ."

"ಹೊರಗೆ ಬೇಡ ಮೇಡಂ," ಎಂದ ಅಳಿಯ ಅವಸರದಿಂದ. "ಹೊರಗಿನ ಬೆಳಕು ತಾಗಿದ್ರೆ ಬಣ್ಣ ಇಳಿಯುತ್ತೆ."

"ಹೌದಾ?" ಎಂದರು ಅವರು. "ನನ್ನ ಗಿರಾಕಿಗಳೆಲ್ಲ ಹೊರಗೇ ಇರ್ತಾರಪ್ಪ."

ಅಂಗಳದಲ್ಲಿ, ಹಗಲು ಬೆಳಕಿನಲ್ಲಿ, ಬಿಳಿ ತಟ್ಟೆಯ ಮೇಲೆ ಮೇಡಂ ಲೋಟ ಬಗ್ಗಿಸಿದರು. ತಟ್ಟೆ ಒದ್ದೆಯಾಯಿತು. ಅಷ್ಟು ಬಿಟ್ಟು ಅದರ ಮೇಲೆ ಬೇರೇನೂ ಆಗಲಿಲ್ಲ. ಬೆಳ್ಳನೆಯ ತಟ್ಟೆಯ ಮೇಲೆ ಬೆಳ್ಳನೆಯ ನೀರು, ಎಲ್ಲಿ ತಟ್ಟೆ ಮುಗಿದು ಎಲ್ಲಿ ಬಣ್ಣ ಶುರುವಾಯಿತೆಂದು ಹುಡುಕಬೇಕಿತ್ತು. ಮೇಡಂ ಮೂಸಿ ನೋಡಿ ಮುಖ ಕಿವುಚಿದರು. ಅಳಿಯ ತನ್ನ ಬೂಟಿನ ತುದಿ ನೋಡತೊಡಗಿದ. ಚಿಕ್ಕವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಇದು ಸತ್ತು ಎಷ್ಟೋ ದಿನ ಆಗಿದೆ," ಎಂದರು ಮೇಡಂ. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. "ಇಷ್ಟು ವರ್ಷ ನಿಮ್ಮಲ್ಲಿಂದ ಬಂದಿದ್ದು ಒಂದು ಸಲನೂ ಹೀಗಿರ್ಲಿಲ್ಲ. ಈ ಬ್ಯಾಚು ಯಾರು ಮಾಡಿದ್ದು?"

ದೊಡ್ಡವಳು ಅಪ್ಪನ ಮುಖ ನೋಡಿದಳು. ತಾನು ಬಯಸಿದಂತೆಯೇ ಅದು ಬಿಳುಪೇರಿತ್ತು. ಆದರೆ ಖುಷಿ ಎಲ್ಲಿಯೋ ಹೋಗಿತ್ತು. ಅಪ್ಪ ಒಮ್ಮೆ ಅಳಿಯನನ್ನು ನೋಡಿದರು. ನಿನ್ನೆ ಮೊನ್ನೆ ಬಂದ ಗಂಡಸು, ಮಗಳ ಗಂಡ, ಅವನ ಮರ್ಯಾದೆ ಹೋದರೆ ಮನೆಯ ಮರ್ಯಾದೆ ಹೋದಂತೆ. ಆಮೇಲೆ ಅವರು ಎರಡು ಹೆಜ್ಜೆ ಹಿಂದೆ ಬಂದು ದೊಡ್ಡವಳ ಪಕ್ಕ ನಿಂತು, ಅವಳ ಭುಜದ ಮೇಲೆ ಕೈಯಿಟ್ಟರು.

"ಇದು ನನ್ನ ದೊಡ್ಡ ಮಗಳ ಕೈಕೆಲಸ," ಎಂದರು.

ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಮೊದಲ ಕ್ಷಣಕ್ಕೆ ಅವಳ ಕಿವಿಗೆ ಬರೀ ಮಾತು ಬಿತ್ತು, ಅರ್ಥ ಬೀಳಲಿಲ್ಲ. ಎದೆ ನಿಂತಿತು. ಐದೂ ಪದ. ಒಂದೂ ಆಚೀಚೆ ಇಲ್ಲ. ಹೊರಗಿನವರ ಎದುರಿಗೇ.

"ಮಾವ..." ಎಂದು ಅಳಿಯ ಬಾಯಿ ತೆರೆದ.

"ನೀವು ಸುಮ್ನಿರಿ ಅಳಿಯಂದ್ರೆ. ಹೆಣ್ಮಗಳು, ಏನೋ ಒಂದು ಸಲ ತಪ್ಪಾಗಿದೆ. ಮುಂದಿನ ಸಲದಿಂದ ಅಳಿಯಂದ್ರೇ ನೋಡ್ಕೋತಾರೆ ಮೇಡಂ, ನೀವು ಯೋಚನೆ ಮಾಡ್ಬೇಡಿ."

ಮೇಡಂ ತಟ್ಟೆಯ ನೀರನ್ನು ಪಕ್ಕದ ಗಿಡಕ್ಕೆ ಚೆಲ್ಲಿದರು. "ಹಾಗಾದ್ರೆ ಇಷ್ಟು ವರ್ಷ ಬರ್ತಿದ್ದ ಆ ಕೆಂಪು ಯಾರು ಮಾಡಿದ್ದು?"

"ಅದು ಸಂಸ್ಥೆಯದ್ದು," ಎಂದರು ಅಪ್ಪ.

ಯೋಚಿಸಿ ಹೇಳಿದ್ದಲ್ಲ ಅದು. ಯೋಚಿಸಿದ್ದರೆ ಕೊಂಚ ತಡವರಿಸುತ್ತಿದ್ದರು. ಅಪ್ಪ ಸುಳ್ಳು ಹೇಳುತ್ತಿಲ್ಲ, ಹಾಗೆಯೇ ನಂಬಿದ್ದಾರೆ ಎಂಬುದು ದೊಡ್ಡವಳಿಗೆ ಆಗ ತಿಳಿಯಿತು. ಬಾಗಿಲಲ್ಲಿ ನಿಂತ ತಂಗಿ ಕಣ್ಣಲ್ಲೇ ಬೇಡುತ್ತಿದ್ದಳು. ಹೌದು ಎಂದು ತಲೆಯಾಡಿಸಿದರೆ ಸಾಕು, ಎಲ್ಲರಿಗೂ ಊಟ ಸೇರುತ್ತದೆ, ಬಚ್ಚಲಲ್ಲಿ ಹಾಡು ಕೇಳುತ್ತದೆ, ಭುಜದ ಮೇಲಿನ ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಆ ಕೈ ಬೆಚ್ಚಗಿತ್ತು. ಅದು ಅಲ್ಲಿರಲಿ ಎಂದು ಅವಳಿಗೆ ನಿಜವಾಗಿಯೂ ಅನಿಸಿತು.

"ಇಲ್ಲ ಅಪ್ಪ," ಎಂದಳು. "ಇದು ನನ್ನದಲ್ಲ."

"ಏ..." ಎಂದರು ಅಪ್ಪ.

"ಇಷ್ಟು ವರ್ಷ ಕೆಂಪಾಗಿ ಹೋಗಿದ್ದೆಲ್ಲ ನಂದು ಮೇಡಂ. ಇದೊಂದು ನಂದಲ್ಲ."

ಆಮೇಲೆ ಅಳಿಯ, ಬೂಟಿನ ತುದಿಯಿಂದ ಕಣ್ಣೆತ್ತದೆ, "ಇದು ನಂದು," ಎಂದ. ಹದಿನೈದು ವರ್ಷ ಇನ್ನೊಬ್ಬರ ಮೇಲೆ ಬೆಳಕು ಬಿಟ್ಟವನಿಗೆ ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆಂದು ಅಂದು ಗೊತ್ತಾಗಿರಬೇಕು. ಆದರೂ ಹೇಳಿದ, ಅಷ್ಟು ಗುಣ ಅವನಲ್ಲಿತ್ತು.

ಮೇಡಂ ತಟ್ಟೆಯನ್ನು ಸೆರಗಿನಿಂದ ಒರೆಸುತ್ತ ದೊಡ್ಡವಳ ಹತ್ತಿರ ಬಂದರು. ಅಪ್ಪನನ್ನು ದಾಟಿ ಬರಬೇಕಾಯಿತು.

"ನಿಮ್ಮ ಹೆಸರೇನಮ್ಮ?" ಎಂದು ಕೇಳಿದರು.

ಅವಳು ಹೆಸರು ಹೇಳಿದಳು. ಹೇಳುವಾಗ ಕಣ್ಣು ತುಂಬಿತು, ಅದನ್ನು ಮರೆಮಾಡುವ ಗೋಜಿಗೆ ಅವಳು ಹೋಗಲಿಲ್ಲ. ಅಪ್ಪ ಅವಳ ಭುಜದ ಮೇಲಿಂದ ಕೈ ತೆಗೆದುಕೊಂಡರು.